ಬೆಕ್ಕಿನ ಗೀರು, ಕಂಕುಳ ಗಡ್ಡೆ, ಚಿಗಟ: ಬಾರ್ಟೊನೆಲ್ಲಾ ಸೋಂಕನ್ನು ಗುರುತಿಸುವ ಮತ್ತು ತಡೆಯುವ ಕ್ರಮ

ಬೆಕ್ಕು ಕೈ ಪರಚಿದ ಒಂದರಿಂದ ಮೂರು ವಾರಗಳೊಳಗೆ ಅದೇ ಕೈಯ ಕಂಕುಳಲ್ಲಿ ನೋಯುವ ಗಡ್ಡೆ ಎದ್ದು, ಜೊತೆಗೆ ಸಣ್ಣ ಜ್ವರ ಮತ್ತು ಸುಸ್ತು ಕಾಣಿಸಿಕೊಂಡರೆ, ಅದು ಬಾರ್ಟೊನೆಲ್ಲಾ ಹೆನ್ಸೆಲೇ ಎಂಬ ಬ್ಯಾಕ್ಟೀರಿಯಾದ ಸೋಂಕಾಗಿರಬಹುದು. ಇಂಥ ಸುದ್ದಿ ತಿಳಿದೊಡನೆ ಮನೆಯವರು ಬೆಕ್ಕನ್ನು ದೂರ ಬಿಟ್ಟುಬರಲು ಮುಂದಾಗುತ್ತಾರೆ. ಅದು ಬೇಕಿಲ್ಲ. ಈ ರೋಗದ ಸರಪಳಿಯಲ್ಲಿ ನಾವು ಕಡಿಯಬಹುದಾದ, ಕಡಿಯಲೇಬೇಕಾದ ಕೊಂಡಿ ಬೆಕ್ಕಲ್ಲ, ಅದರ ಮೈಮೇಲಿನ ಚಿಗಟ.

ಸೋಂಕಿರುವ ಬೆಕ್ಕಿನ ರಕ್ತ ಹೀರಿದ ಚಿಗಟದ ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ವೃದ್ಧಿಯಾಗಿ, ಅದರ ಹಿಕ್ಕೆಯ ಮೂಲಕ ಬೆಕ್ಕಿನ ಕೂದಲಿನ ನಡುವೆ ಸೇರುತ್ತದೆ. ಬೆಕ್ಕು ಮೈ ಕೆರೆದುಕೊಂಡಾಗ ಆ ಹಿಕ್ಕೆ ಉಗುರುಗಳಿಗೆ ಮೆತ್ತಿಕೊಳ್ಳುತ್ತದೆ. ಆ ಉಗುರು ನಮ್ಮ ಚರ್ಮವನ್ನು ಸೀಳಿದಾಗ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತದೆ. ಬೆಕ್ಕಿನ ರಕ್ತದಲ್ಲಿ ಅದು ತಿಂಗಳುಗಟ್ಟಲೆ ಉಳಿದರೂ ಬೆಕ್ಕು ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುವುದರಿಂದ ನೋಡಿ ಗುರುತಿಸಲು ಆಗದು. ಒಂದು ವರ್ಷದೊಳಗಿನ ಮರಿಗಳಲ್ಲಿ ಸೋಂಕಿನ ಸಾಧ್ಯತೆ ಹೆಚ್ಚು. ಆಟದಲ್ಲಿ ಪರಚುವುದೂ ಅವೇ ಹೆಚ್ಚು. ಇದೇ ಕುಲದ ಬಾರ್ಟೊನೆಲ್ಲಾ ಕ್ವಿಂಟಾನಾ ಮೈಹೇನಿನ ಮೂಲಕ ಹರಡಿ ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಐದು ದಿನಕ್ಕೊಮ್ಮೆ ಮರುಕಳಿಸುವ ಜ್ವರದಿಂದ ಕಾಡಿತು. ಪೆರುವಿನ ಆಂಡೀಸ್ ಕಣಿವೆಗಳಲ್ಲಿ ಮರಳುನೊಣ ಹರಡುವ ಬಾರ್ಟೊನೆಲ್ಲಾ ಬ್ಯಾಸಿಲಿಫಾರ್ಮಿಸ್ ಅತ್ಯಂತ ಮಾರಕವಾದುದು. ಆ ರೋಗವನ್ನು ಅರಿಯಲೆಂದು 1885ರಲ್ಲಿ ತನ್ನ ಮೈಗೇ ಅದನ್ನು ಚುಚ್ಚಿಸಿಕೊಂಡ ವೈದ್ಯ ವಿದ್ಯಾರ್ಥಿ ಡೇನಿಯಲ್ ಕ್ಯಾರಿಯನ್ ಅದರಿಂದಲೇ ತೀರಿಕೊಂಡನು. ನಮ್ಮ ಮನೆಗಳ ಮಟ್ಟಿಗೆ ಮುಖ್ಯವಾದುದು ಬೆಕ್ಕಿನ ಸೋಂಕು.

ಪರಚಿದ ಕೂಡಲೇ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಕನಿಷ್ಠ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾರದಪುಡಿ ಯಾವುದನ್ನೂ ಮೆತ್ತಬಾರದು. ಭಾರತದಲ್ಲಿ ಬೆಕ್ಕಿನ ಗೀರಿನ ವಿಷಯದಲ್ಲಿ ಮೊದಲು ಯೋಚಿಸಬೇಕಾದುದು ಬಾರ್ಟೊನೆಲ್ಲಾ ಅಲ್ಲ, ರೇಬೀಸ್. ರಕ್ತ ಬಾರದ ಸಣ್ಣ ಗೀರಿಗೂ ಲಸಿಕೆ ಬೇಕಾಗುತ್ತದೆ; ರಕ್ತ ಬಂದಿದ್ದರೆ ಲಸಿಕೆಯೊಡನೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಆದ್ದರಿಂದ ಅಂದೇ ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಬೇಕು.

ಆಮೇಲೆ ಗಾಯದ ಜಾಗವನ್ನು ಗಮನಿಸುತ್ತಿರಬೇಕು. ಸಾಮಾನ್ಯವಾಗಿ 3ರಿಂದ 10 ದಿನಗಳಲ್ಲಿ ಅಲ್ಲಿ ಒಂದು ಕೆಂಪು ಗುಳ್ಳೆ ಏಳುತ್ತದೆ; ಸೊಳ್ಳೆ ಕಚ್ಚಿರಬೇಕೆಂದು ಅದನ್ನು ಕಡೆಗಣಿಸುವವರೇ ಹೆಚ್ಚು. ಪರಚಿದ ದಿನಾಂಕವನ್ನು ಬರೆದಿಟ್ಟುಕೊಂಡು ಗುಳ್ಳೆಯ ಫೋಟೊ ತೆಗೆದಿಟ್ಟುಕೊಂಡರೆ, ಗಡ್ಡೆ ಕಾಣಿಸಿಕೊಳ್ಳುವ ಹೊತ್ತಿಗೆ ಗುಳ್ಳೆ ಮಾಯವಾಗಿದ್ದರೂ ವೈದ್ಯರಿಗೆ ತೋರಿಸಲು ಆಧಾರವಿರುತ್ತದೆ.

ವೈದ್ಯರ ಮುಂದೆ ಕುಳಿತಾಗ, ಅವರು ಕೇಳದಿದ್ದರೂ, ಮನೆಯಲ್ಲಿ ಬೆಕ್ಕಿದೆ, ಇಂಥ ದಿನ ಪರಚಿತು ಎಂದು ಹೇಳಲೇಬೇಕು. ನಮ್ಮ ದೇಶದಲ್ಲಿ ಬಹುಕಾಲ ಉಳಿಯುವ ಗಡ್ಡೆಗೆ ಕ್ಷಯವೇ ಬಹು ಸಾಮಾನ್ಯ ಕಾರಣವಾದ್ದರಿಂದ ವೈದ್ಯರ ಮನಸ್ಸು ಮೊದಲು ಅತ್ತ ಹೋಗುವುದು ಸಹಜ, ಸರಿಯೂ ಹೌದು. ಆದರೆ ಸೂಜಿಯಿಂದ ತೆಗೆದ ಮಾದರಿಯಲ್ಲಿ ಗ್ರಾನ್ಯುಲೋಮಾ (ಉರಿಯೂತದ ಜೀವಕೋಶಗಳ ಸಣ್ಣ ಗುಂಪು) ಎಂದು ಬಂದ ಮಾತ್ರಕ್ಕೆ ಕ್ಷಯವೆಂದು ತೀರ್ಮಾನಿಸಲಾಗದು, ಏಕೆಂದರೆ ಬಾರ್ಟೊನೆಲ್ಲಾದಲ್ಲೂ ಗ್ರಾನ್ಯುಲೋಮಾ ಕಾಣುತ್ತದೆ. ಕ್ಷಯಕ್ಕೆ ಸಿಬಿನಾಟ್ (ಕ್ಷಯಾಣುವಿನ ವಂಶವಾಹಿಯನ್ನು ಪತ್ತೆಹಚ್ಚುವ ಪರೀಕ್ಷೆ) ಮತ್ತು ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ), ಬಾರ್ಟೊನೆಲ್ಲಾಕ್ಕೆ ರಕ್ತದಲ್ಲಿನ ಪ್ರತಿಕಾಯ ಪರೀಕ್ಷೆ ಅಥವಾ ಗಡ್ಡೆಯ ಮಾದರಿಯಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಮಾಡಿಸಬಹುದೇ ಎಂದು ವಿನಯದಿಂದ ಕೇಳಬೇಕು. ಕ್ಷಯದ ಔಷಧಿಯಿಂದ ಗಡ್ಡೆ ಕರಗಿತೆಂಬುದೂ ಖಚಿತ ಪುರಾವೆಯಲ್ಲ: ಬಾರ್ಟೊನೆಲ್ಲಾದ ಗಡ್ಡೆ ತಾನಾಗಿಯೇ ಕರಗಬಲ್ಲದು, ಮೇಲಾಗಿ ಕ್ಷಯದ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ಈ ಬ್ಯಾಕ್ಟೀರಿಯಾದ ಮೇಲೂ ಕೆಲಸ ಮಾಡುತ್ತದೆ. ಹಾಗೆಂದು ಈಗಾಗಲೇ ಆರಂಭವಾದ ಕ್ಷಯದ ಚಿಕಿತ್ಸೆಯನ್ನು ಯಾರೂ ತಾವಾಗಿ ನಿಲ್ಲಿಸಕೂಡದು.

ಆರೋಗ್ಯವಂತರಲ್ಲಿ ಈ ಗಡ್ಡೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಇಳಿಯುತ್ತದೆ. ವೈದ್ಯರು ಐದು ದಿನ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಡಬಹುದು; ಅದರಿಂದ ಗಡ್ಡೆ ಬೇಗ ಕುಗ್ಗುತ್ತದೆ. ಕೀವು ತುಂಬಿ ನೋವು ಹೆಚ್ಚಾದರೆ ಸೂಜಿಯಿಂದ ಹೀರಿ ತೆಗೆಯುವುದು ಲೇಸು, ಕೊಯ್ದು ತೆರೆದರೆ ಗಾಯ ಬಹುಕಾಲ ಸೋರುತ್ತಲೇ ಇರುವ ಅಪಾಯವಿದೆ. ದೃಷ್ಟಿ ಮಂಜಾಗುವುದು, ಕಣ್ಣು ಕೆಂಪಾಗಿ ಕಿವಿಯ ಮುಂದೆ ಗಡ್ಡೆ ಬರುವುದು, ಫಿಟ್ಸ್, ಬಿಡದ ಜ್ವರ ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ಹೃದಯದ ಕವಾಟದ ತೊಂದರೆಯುಳ್ಳವರಲ್ಲಿ ಬಾರ್ಟೊನೆಲ್ಲಾ ಕವಾಟಕ್ಕೇ ಅಂಟಬಲ್ಲದು, ಮತ್ತು ಸಾಮಾನ್ಯ ರಕ್ತದ ಕಲ್ಚರ್‌ನಲ್ಲಿ ಅದು ಸಿಗದೇ ಹೋಗುತ್ತದೆ. ಎಚ್‌ಐವಿ ಸೋಂಕಿತರಲ್ಲಿ, ಅಂಗ ಕಸಿ ಮಾಡಿಸಿಕೊಂಡವರಲ್ಲಿ ಚರ್ಮದ ಮೇಲೆ ರಕ್ತಗೆಂಪು ಗಂಟುಗಳಾಗಿಯೂ ಕಾಣಿಸಿಕೊಳ್ಳಬಹುದು.

ಇನ್ನು ಚಿಗಟದ ಕೆಲಸ. ಹಲ್ಲು ಒತ್ತೊತ್ತಾಗಿರುವ ಬಾಚಣಿಗೆಯಿಂದ ಬೆಕ್ಕಿನ ಬೆನ್ನು ಮತ್ತು ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿ ಕಾಗದದ ಮೇಲೆ ಹಾಕಬೇಕು. ಕಣದ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಜೀರ್ಣವಾದ ರಕ್ತ, ಅಂದರೆ ಚಿಗಟದ ಹಿಕ್ಕೆ. ಪಶುವೈದ್ಯರ ಸಲಹೆಯಂತೆ ಫಿಪ್ರೊನಿಲ್ ಅಥವಾ ಸೆಲಾಮೆಕ್ಟಿನ್‌ನಂಥ, ಬೆಕ್ಕಿಗೆಂದೇ ತಯಾರಾದ ಹನಿಮದ್ದನ್ನು ಅದರ ತೂಕಕ್ಕೆ ತಕ್ಕಂತೆ, ಅದು ನೆಕ್ಕಲಾಗದ ಕತ್ತಿನ ಹಿಂಭಾಗದಲ್ಲಿ ಹಾಕಬೇಕು. ಪರ್ಮೆಥ್ರಿನ್ ಇರುವ ನಾಯಿಯ ಔಷಧಿಯನ್ನು ಬೆಕ್ಕಿಗೆ ಎಂದಿಗೂ ಹಾಕಬಾರದು. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು, ನಡುಕ ಬಂದು ಪ್ರಾಣವೇ ಹೋಗಬಹುದು. ಅಂಗಡಿಯವರು ಎರಡಕ್ಕೂ ಒಂದೇ ಸಾಕೆಂದು ಹೇಳಿದರೂ ಪೊಟ್ಟಣವನ್ನು ಓದಿಯೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಚಿಗಟದ ಮೊಟ್ಟೆಗಳು ಬೆಕ್ಕಿನ ಮೈಯಿಂದ ಉದುರಿ ಚಾಪೆ, ಸೋಫಾ, ಹಾಸಿಗೆಯ ಸಂದುಗಳಲ್ಲಿ ಬೆಳೆಯುತ್ತವೆ, ಮರಿಹುಳು ನೇಯ್ದ ಗೂಡಿನೊಳಗಿನ ಕೋಶ (ಪ್ಯೂಪಾ) ವಾರಗಟ್ಟಲೆ ಕಾದು ಕೂರಬಲ್ಲದು. ಆದ್ದರಿಂದ ಬೆಕ್ಕು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆಗಳನ್ನು ಗುಡಿಸಿ ಕಸವನ್ನು ಕೂಡಲೇ ಹೊರಗೆ ಸಾಗಿಸಿ, ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ ಅವುಗಳದೇ ಔಷಧಿಯನ್ನು ಕನಿಷ್ಠ ಮೂರು ತಿಂಗಳು ತಪ್ಪದೆ ಮುಂದುವರಿಸಬೇಕು.

ಬೆಕ್ಕಿನ ಉಗುರಿನ ತುದಿಯನ್ನು ಆಗಾಗ ಕತ್ತರಿಸಿದರೆ ಸಾಕು, ಉಗುರನ್ನೇ ಕೀಳಿಸುವ ಕ್ರೌರ್ಯಕ್ಕೆ ಕಾರಣವೇ ಇಲ್ಲ. ಆರೋಗ್ಯವಾಗಿರುವ ಬೆಕ್ಕಿಗೆ ಆ್ಯಂಟಿಬಯೋಟಿಕ್ ಕೊಡಿಸುವ ಅಗತ್ಯವೂ ಇಲ್ಲ. ರೋಗನಿರೋಧಕ ಶಕ್ತಿ ಕುಂದಿದವರು ಹೊಸದಾಗಿ ಬೆಕ್ಕು ಸಾಕಲು ಬಯಸಿದರೆ, ಒಂದು ವರ್ಷ ದಾಟಿದ, ಚಿಗಟವಿಲ್ಲದ, ಮನೆಯೊಳಗೇ ಇರುವ ಅಭ್ಯಾಸದ ಬೆಕ್ಕನ್ನು ಆರಿಸಿಕೊಂಡು, ತೆರೆದ ಗಾಯವನ್ನು ಅದು ನೆಕ್ಕದಂತೆ ನೋಡಿಕೊಳ್ಳಬೇಕು.