ಇನ್‌ಸ್ಟಾಲೇಶನ್ ಎಲ್ಲಿ ನಿಂತಿತು, ಮೊದಲು ಅದನ್ನು ಹಿಡಿಯಿರಿ

ಆಪರೇಟಿಂಗ್ ಸಿಸ್ಟಂ ಹಾಕಲು ಹೋಗಿ ಅರ್ಧಕ್ಕೆ ಕೈಕೊಟ್ಟ ಲ್ಯಾಪ್‌ಟಾಪನ್ನು ಯಾರಾದರೂ ತಂದರೆ ನಾನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ನಿಂತಿತು? ಹೆಚ್ಚಿನವರು ಪರದೆಯ ಸಂದೇಶವನ್ನು ಓದದೆ ಮುಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಂದೇಶವನ್ನೂ ದೋಷದ ಸಂಖ್ಯೆಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಡಿಸ್ಕಿನಲ್ಲಿ ಹಳೆಯ ವಿಂಡೋಸ್ ಇದ್ದರೆ ಬಯಾಸ್ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳು) ಮುಟ್ಟುವ ಮೊದಲು, ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರಿನ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸಿನಲ್ಲಿ ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶವನ್ನಷ್ಟೇ ಶುರುವಾಗಲು ಬಿಡುವ ಆಯ್ಕೆ) ಬದಲಾಯಿಸಿದೊಡನೆ ಬಿಟ್‌ಲಾಕರ್ ಕೀ ಕೇಳಬಹುದು; ಕೀ ಇಲ್ಲದಿದ್ದರೆ ಫೋಟೊ, ದಾಖಲೆಗಳೆಲ್ಲ ಹೋದಂತೆಯೇ.

ಇನ್‌ಸ್ಟಾಲರ್ ಇರುವ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಬೂಟ್ (ಶುರು) ಆಗುವುದೇ ಇಲ್ಲವೇ? ಇನ್‌ಸ್ಟಾಲರ್ ಪೂರ್ತಿ ಅಡಕವಾಗಿರುವ ಐಎಸ್‌ಒ ಕಡತವನ್ನು ಸುಮ್ಮನೆ ನಕಲು ಮಾಡಿದರೆ ಸಾಲದು, ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು. ಅದಕ್ಕೂ ಮೊದಲು ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತ ಕೆಟ್ಟಿದೆಯೇ ಎಂದು ತಿಳಿಯುವ ಗುರುತು) ಅಧಿಕೃತ ತಾಣದಲ್ಲಿರುವುದರೊಂದಿಗೆ ಹೋಲಿಸಿ. ಕಡತಗಳು ನಕಲಾಗುವಾಗ ಪ್ರತಿಸಲ ಬೇರೆಬೇರೆ ಕಡೆ ನಿಂತರೆ ನನ್ನ ಅನುಮಾನ ಪೆನ್‌ಡ್ರೈವ್ ಇಲ್ಲವೇ ರ‍್ಯಾಮ್ ಮೇಲೆ. ಪೆನ್‌ಡ್ರೈವ್ ಬದಲಿಸಿ ನೋಡಿ; ಆಗಲೂ ನಿಂತರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ.

ಜನರನ್ನು ನಿಜವಾಗಿ ಕಂಗೆಡಿಸುವುದು ಇನ್‌ಸ್ಟಾಲರಿನ ಪಟ್ಟಿಯಲ್ಲಿ ಡಿಸ್ಕೇ ಕಾಣದಿರುವುದು. ಎಸ್‌ಎಸ್‌ಡಿ ಸತ್ತಿತೆಂದು ಹೊಸದನ್ನು ಕೊಳ್ಳಲು ಹೊರಟವರನ್ನು ನಾನು ತಡೆದಿದ್ದೇನೆ. ಬಯಾಸಿನಲ್ಲಿ ಡಿಸ್ಕಿನ ಹೆಸರು ಕಾಣುತ್ತಿದ್ದರೆ ಬಹುಮಟ್ಟಿಗೆ ಅದು ಬದುಕಿದೆ. ಇಂಟೆಲ್‌ನ 11ನೇ ತಲೆಮಾರು ಮತ್ತು ಅನಂತರದ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ, ಅದನ್ನು ನಡೆಸುವ ತಂತ್ರಾಂಶ (ಡ್ರೈವರ್) ವಿಂಡೋಸಿನ ಇನ್‌ಸ್ಟಾಲರಿನಲ್ಲಿ ಇಲ್ಲದಿರಬಹುದು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಅದಕ್ಕೆ ಬೇಕಾದ ಆರ್‌ಎಸ್‌ಟಿ ಡ್ರೈವರ್ ಇಳಿಸಿಕೊಂಡು, ಅನ್‌ಪ್ಯಾಕ್ ಮಾಡಿ, ಐಎನ್‌ಎಫ್ (.inf) ಕಡತವಿರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ. ಇನ್‌ಸ್ಟಾಲರಿನಲ್ಲಿ ‘ಲೋಡ್ ಡ್ರೈವರ್’ ಒತ್ತಿ ಅದನ್ನು ತೋರಿಸಿದರೆ ಡಿಸ್ಕು ಪ್ರತ್ಯಕ್ಷವಾಗುತ್ತದೆ. ಬಯಾಸಿನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು ದಾರಿ. ಆದರೆ ಅದೇ ಡಿಸ್ಕಿನ ಹಳೆಯ ವಿಂಡೋಸ್ ಉಳಿಯಬೇಕೆಂದಿದ್ದರೆ ಅವಸರಪಟ್ಟು ಹಾಗೆ ಮಾಡಬೇಡಿ, ಅದು ನೀಲಿ ಪರದೆ ತೋರಿಸಿ ನಿಂತುಬಿಡಬಹುದು.

ಡಿಸ್ಕು ಕಂಡರೂ ‘ಇದರಲ್ಲಿ ಹಾಕಲಾಗದು’ ಎಂದರೆ ಎಂಬಿಆರ್, ಜಿಪಿಟಿಯ (ಡಿಸ್ಕಿನ ಭಾಗಗಳ ಪಟ್ಟಿ ಇಡುವ ಹಳೆಯ, ಹೊಸ ಬಗೆಗಳು) ತಕರಾರು ಇದೆಯೇ ನೋಡಿ. ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ ಬೂಟ್ ಆದ ವಿಂಡೋಸ್ ಇನ್‌ಸ್ಟಾಲರಿಗೆ ಜಿಪಿಟಿ ಡಿಸ್ಕೇ ಬೇಕು. ಯಾವುದರಿಂದ ಶುರುವಾಗಬೇಕೆಂದು ಕೇಳುವ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುವುದುಂಟು. ಯುಇಎಫ್‌ಐ ಎಂದಿರುವುದನ್ನು ಆರಿಸಿ. ಡಿಸ್ಕನ್ನು ಅಳಿಸಿ ಜಿಪಿಟಿ ಮಾಡುವುದು ಬ್ಯಾಕಪ್ ಆದ ಮೇಲಷ್ಟೇ.

ಎಲ್ಲ ಮುಗಿದು ಮತ್ತೆ ಇನ್‌ಸ್ಟಾಲರೇ ತೆರೆದರೆ ಪೆನ್‌ಡ್ರೈವ್ ಕಿತ್ತು ಮರುಚಾಲನೆ ಮಾಡಿ. ಲಿನಕ್ಸ್ ಹಾಕುವಾಗ ಪರದೆ ಕಪ್ಪಾದರೆ ಗ್ರಬ್ ಮೆನುವಿನಲ್ಲಿ (ಲಿನಕ್ಸ್ ಶುರುವಾಗುವ ಮೊದಲು ಬರುವ ಪಟ್ಟಿ) ‘ನೋಮೋಡ್‌ಸೆಟ್’ (nomodeset) ಎಂಬ ಪದ ಸೇರಿಸಿ ಬೂಟ್ ಮಾಡಿ.

ಇಷ್ಟಾದರೂ ಕಾರಣ ಸಿಗದಿದ್ದರೆ ವಿಂಡೋಸ್ ಇನ್‌ಸ್ಟಾಲರಿನಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ತೆರೆಯುವ ಕಮಾಂಡ್ ಕಿಟಕಿಯಿಂದ ‘ಪ್ಯಾಂಥರ್’ (Panther) ಫೋಲ್ಡರಿನಲ್ಲಿರುವ, ದೋಷಗಳು ದಾಖಲಾಗುವ ‘ಸೆಟಪ್‌ಎರ್’ (setuperr.log) ಲಾಗ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾ ಹೋಗಿ.