ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರಕ್ಕೆ ಹೊಸ ಕಂಟ್ರೋಲರ್ ಅಳವಡಿಸುವುದು ಹೇಗೆ?

ಎರಕದ ಮೈ ಗಟ್ಟಿಯಾಗಿದ್ದರೂ ಕಂಟ್ರೋಲರ್ ಕೈಕೊಟ್ಟಿದೆ ಎಂಬ ಒಂದೇ ಕಾರಣಕ್ಕೆ ಮೂಲೆಗೆ ಸೇರಿದ, ಕಂಪ್ಯೂಟರ್ ಆಜ್ಞೆಯಂತೆ ಲೋಹ ಕೊರೆಯುವ (ಸಿಎನ್‌ಸಿ) ಮಿಲ್ಲಿಂಗ್ ಯಂತ್ರಗಳು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಕಾಣಸಿಗುತ್ತವೆ. ಅವುಗಳಿಗೆ ಮರುಜೀವ ಕೊಡಬಹುದು. ಆದರೆ ಮೋಟಾರಿನ ಸುತ್ತನ್ನು ಟೇಬಲ್ಲಿನ ನೇರ ಚಲನೆಯಾಗಿಸುವ ಬಾಲ್ ಸ್ಕ್ರೂ ಸವೆದಿದ್ದರೆ ಎಷ್ಟೇ ದುಬಾರಿ ಕಂಟ್ರೋಲರ್ ಹಾಕಿದರೂ ಪ್ರಯೋಜನವಿಲ್ಲ. ಹಾಗಾಗಿ ಮೊದಲು ಟೇಬಲ್ಲಿಗೆ ಸೂಕ್ಷ್ಮ ಚಲನೆ ಅಳೆಯುವ ಡಯಲ್ ಗೇಜ್ ತಾಗಿಸಿ, ಸ್ಕ್ರೂ ತಿರುಗದಂತೆ ಹಿಡಿದು, ಟೇಬಲ್ಲನ್ನು ಎರಡೂ ಕಡೆಗೆ ನೂಕಿದಾಗ ಮುಳ್ಳು ಎಷ್ಟು ಆಡುತ್ತದೆ ಎಂಬುದನ್ನು ಬರೆದುಕೊಳ್ಳಬೇಕು. ಹೆಚ್ಚು ಬಳಕೆಯಾಗುವ ಮಧ್ಯಭಾಗದಲ್ಲಿ ಆಟ ಜಾಸ್ತಿ, ತುದಿಗಳಲ್ಲಿ ಕಡಿಮೆ ಇದ್ದರೆ ಸ್ಕ್ರೂ ರಿಪೇರಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಂಟ್ರೋಲರ್ ನಿಜಕ್ಕೂ ಕೆಟ್ಟಿದೆಯೇ ಎಂಬುದು ಮುಂದಿನ ಪ್ರಶ್ನೆ. 5 ವೋಲ್ಟ್ ಮತ್ತು 24 ವೋಲ್ಟ್ ಪವರ್ ಸಪ್ಲೈಗಳನ್ನು ಅಳೆಯಿರಿ. ಒಣಗಿದ ಕೆಪಾಸಿಟರ್, ಸಡಿಲ ಕನೆಕ್ಟರುಗಳೇ ಎಷ್ಟೋ ಬಾರಿ ತೊಂದರೆಯ ಮೂಲವಾಗಿರುತ್ತವೆ. ಆ ಕಾಲದ ಅನೇಕ ಕಂಟ್ರೋಲರುಗಳು ತಮ್ಮ ಪ್ಯಾರಾಮೀಟರುಗಳನ್ನು (ಯಂತ್ರದ ಸೆಟ್ಟಿಂಗುಗಳನ್ನು) ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುವುದರಿಂದ, ಯಂತ್ರ ಇನ್ನೂ ಆನ್ ಆಗುತ್ತಿದ್ದರೆ ಅವನ್ನು ಆರ್‌ಎಸ್-232 ಪೋರ್ಟ್ ಮೂಲಕ ಕಂಪ್ಯೂಟರಿಗೆ ನಕಲು ಮಾಡಿಕೊಂಡೇ ಮುಂದುವರಿಯಬೇಕು.

ಕಂಟ್ರೋಲರ್ ಬದಲಿಸಲೇಬೇಕೆಂದಾದರೆ ಮುಖ್ಯ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಮೋಟಾರುಗಳಿಗೆ ವಿದ್ಯುತ್ ಒದಗಿಸುವ ಡ್ರೈವ್‌ಗಳಲ್ಲಿ ಉಳಿದಿರುವ ವಿದ್ಯುತ್ ಇಳಿದಿದೆಯೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲಷ್ಟೇ ಪ್ಯಾನೆಲ್‌ಗೆ ಕೈ ಹಾಕಿ. ಮೇಲೆ-ಕೆಳಗೆ ಚಲಿಸುವ ಝಡ್ ಅಕ್ಷದ ತಲೆಗೆ ದಪ್ಪ ಮರದ ದಿಮ್ಮಿಯ ಆಸರೆ ಕೊಡಿ. ಬ್ರೇಕ್ ಇರುವುದು ಮೋಟಾರಿನೊಳಗಾದರೆ, ಬೆಲ್ಟ್ ಕಳಚಿದ ಕ್ಷಣವೇ ತಲೆ ಕೆಳಗೆ ಜಾರುತ್ತದೆ. ಪ್ರತಿ ವೈರಿನ ತುದಿಯಲ್ಲಿರುವ ಗುರುತಿನ ನಂಬರ್ (ಫೆರೂಲ್ ನಂಬರ್) ಕಾಣುವಂತೆ ಫೋಟೊ ತೆಗೆಯದೆ ಒಂದನ್ನೂ ಬಿಚ್ಚಬೇಡಿ.

ಎಲ್ಲವನ್ನೂ ಒಮ್ಮೆಲೇ ಬದಲಿಸುವ ಉತ್ಸಾಹವನ್ನು ತಡೆದುಕೊಳ್ಳುವುದು ಲೇಸು. ಹಳೆಯ ಡ್ರೈವ್‌ಗಳು ಮೈನಸ್ 10ರಿಂದ ಪ್ಲಸ್ 10 ವೋಲ್ಟ್‌ವರೆಗಿನ ಅನಲಾಗ್ ಆಜ್ಞೆಯನ್ನು ಸ್ವೀಕರಿಸುವಂಥವಾಗಿದ್ದು ಸುಸ್ಥಿತಿಯಲ್ಲಿದ್ದರೆ, ಅವನ್ನೂ ಮೋಟಾರುಗಳನ್ನೂ ಉಳಿಸಿಕೊಂಡು, ಉಚಿತ ತಂತ್ರಾಂಶವಾದ ಲಿನಕ್ಸ್‌ಸಿಎನ್‌ಸಿ ಹಾಕಿದ ಕಂಪ್ಯೂಟರನ್ನು ಸೂಕ್ತ ಇಂಟರ್‌ಫೇಸ್ ಕಾರ್ಡ್ ಮೂಲಕ ಜೋಡಿಸಬಹುದು. ಎಮರ್ಜೆನ್ಸಿ ಸ್ಟಾಪ್ ಮಾತ್ರ ತಂತ್ರಾಂಶದ ಮರ್ಜಿಗೆ ಬಿಡುವ ವಿಷಯವಲ್ಲ. ಅದು ಸೇಫ್ಟಿ ರಿಲೇ ಮೂಲಕ ಡ್ರೈವ್‌ಗಳಿಗೆ ವಿದ್ಯುತ್ ಹಾಯಿಸುವ ಕಾಂಟ್ಯಾಕ್ಟರನ್ನೇ ಬೀಳಿಸಬೇಕು. ಅಕ್ಷ ತನ್ನ ಮಿತಿ ತಲುಪಿದಾಗ ಯಂತ್ರವನ್ನು ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳನ್ನು, ವೈರ್ ತುಂಡಾದರೂ ಯಂತ್ರ ನಿಲ್ಲುವಂತೆ, ನಾರ್ಮಲಿ ಕ್ಲೋಸ್ಡ್ (ಒತ್ತದಿರುವಾಗ ವಿದ್ಯುತ್ ಹರಿಯುವ) ಕ್ರಮದಲ್ಲಿ ಜೋಡಿಸಿ.

ಇನ್ನು ಸ್ಕೇಲ್ ಲೆಕ್ಕ, ಅಂದರೆ ಒಂದು ಮಿಲಿಮೀಟರ್ ಚಲನೆಗೆ ಎಷ್ಟು ಎಣಿಕೆ ಎಂಬುದು. ಮೋಟಾರ್ ಎಷ್ಟು ತಿರುಗಿತೆಂದು ಅಳೆಯುವ ಎನ್‌ಕೋಡರ್ ಪ್ರತಿ ಸುತ್ತಿಗೆ 2,500 ಪಲ್ಸ್ ಕೊಡುತ್ತಿದ್ದರೆ, ಅದರ ಎರಡು ಸಿಗ್ನಲ್‌ಗಳ ನಾಲ್ಕು ಅಂಚುಗಳನ್ನೂ ಎಣಿಸುವುದರಿಂದ ಅದು 10,000 ಎಣಿಕೆಯಾಗುತ್ತದೆ. ಸ್ಕ್ರೂ ಒಂದು ಸುತ್ತಿಗೆ 10 ಮಿ.ಮೀ. ಸಾಗಿದರೆ ಪ್ರತಿ ಮಿಲಿಮೀಟರಿಗೆ 1,000 ಎಣಿಕೆ; ಸ್ಕ್ರೂ ಒಂದು ಸುತ್ತಿಗೆ ಮೋಟಾರ್ ಎರಡು ಸುತ್ತು ತಿರುಗುವಂತೆ ಬೆಲ್ಟ್ ಇದ್ದರೆ 2,000.

ಅಪಾಯದ ಹಂತ ಇದಾದ ಮೇಲಿನದು. ಆಜ್ಞೆಯ ದಿಕ್ಕೂ ಎಣಿಕೆಯ ದಿಕ್ಕೂ ತಾಳೆಯಾಗದಿದ್ದರೆ, ಕಂಟ್ರೋಲರ್ ತಪ್ಪು ತಿದ್ದಲು ಹೋದಷ್ಟೂ ತಪ್ಪು ಹೆಚ್ಚಿ, ಟೇಬಲ್ ಪೂರ್ಣ ವೇಗದಲ್ಲಿ ತುದಿಗೆ ಬಡಿಯುತ್ತದೆ. ಆದ್ದರಿಂದ ಡ್ರೈವ್ ಆಫ್ ಇರುವಾಗಲೇ ಸ್ಕ್ರೂವನ್ನು ಕೈಯಿಂದ ತಿರುಗಿಸಿ, ಟೇಬಲ್ ಎಡಕ್ಕೆ ಸಾಗಿದಾಗ ಎಡ-ಬಲ ಚಲನೆಯ ಎಕ್ಸ್ ಅಕ್ಷದ ಎಣಿಕೆ ಏರುತ್ತದೆಯೇ ನೋಡಿ. ಚಲನೆಯನ್ನು ಟೂಲಿನ ದೃಷ್ಟಿಯಿಂದ ಲೆಕ್ಕ ಹಾಕುವುದರಿಂದ ಎಡವೇ ಸರಿ; ಟೇಬಲ್ ಎಡಕ್ಕೆ ಹೋದರೆ ಟೂಲ್ ಬಲಕ್ಕೆ ಹೋದಂತೆ. ಬಳಿಕ ಬೆಲ್ಟ್ ಕಳಚಿ, ಅರ್ಧ ವೋಲ್ಟ್‌ನಷ್ಟು ಪ್ಲಸ್ ಆಜ್ಞೆ ಕೊಟ್ಟಾಗ ಮೋಟಾರ್ ಎಣಿಕೆ ಏರುವ ಕಡೆಗೇ ತಿರುಗಬೇಕು. ತಿರುಗದಿದ್ದರೆ ಸೆಟ್ಟಿಂಗ್ ಫೈಲಿನಲ್ಲಿ ಚಿಹ್ನೆಯನ್ನು ಬದಲಿಸಿ. ಮೋಟಾರಿನ ವೈರುಗಳನ್ನು ಅದಲುಬದಲು ಮಾಡಿದರೆ, ಮೋಟಾರಿನ ವೇಗ ಅಳೆಯುವ ಟ್ಯಾಕೊ ಜನರೇಟರ್ ಇರುವ ಯಂತ್ರದಲ್ಲಿ ಡ್ರೈವ್‌ನ ಒಳಗಿನ ವೇಗನಿಯಂತ್ರಣವೇ ತಲೆಕೆಳಗಾಗುತ್ತದೆ. ಹಿಂಬಾಲಿಕೆಯ ದೋಷ (ಆಜ್ಞೆಯ ಸ್ಥಾನಕ್ಕೂ ನಿಜ ಸ್ಥಾನಕ್ಕೂ ಇರುವ ಅಂತರ) 1 ಮಿ.ಮೀ. ದಾಟಿದೊಡನೆ ಡ್ರೈವ್ ಆಫ್ ಆಗುವಂತೆ ಮಿತಿ ಹಾಕಿಯೇ ಬೆಲ್ಟ್ ಮರಳಿ ಏರಿಸಿ.

ಟ್ಯೂನಿಂಗ್ ಮಾಡುವಾಗ, ದೋಷವನ್ನು ಎಷ್ಟು ಜೋರಾಗಿ ತಿದ್ದಬೇಕೆಂದು ಹೇಳುವ ಪಿ ಮೌಲ್ಯವನ್ನು ಮೋಟಾರ್ ಗುಂಯ್‌ಗುಟ್ಟುವವರೆಗೆ ಏರಿಸಿ, ಅಲ್ಲಿಂದ ಸಾಕಷ್ಟು ಇಳಿಸಿ. ಕೊನೆಗೆ ಅಲ್ಯೂಮಿನಿಯಂ ತುಂಡಿನಲ್ಲಿ ಒಂದು ವೃತ್ತವನ್ನು ಕೊರೆದು ನೋಡಿ. ಅಕ್ಷಗಳು ದಿಕ್ಕು ಬದಲಿಸುವ ನಾಲ್ಕು ಕಡೆಗಳಲ್ಲಿ ಉಗುರಿಗೆ ತಾಗುವಂಥ ಗೆರೆ ಮೂಡಿದ್ದರೆ, ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸ್ಕ್ರೂವಿನ ಆಟ) ಪರಿಹಾರದ ಅಂಕಿಯನ್ನೂ ಟ್ಯೂನಿಂಗನ್ನೂ ಇನ್ನಷ್ಟು ತಿದ್ದಬೇಕಾಗುತ್ತದೆ.