ಭಾರವನ್ನು ಇಳಿಸುವ ಬಲ: ಮನೆಯಲ್ಲೇ ಅಭ್ಯಾಸ ಮಾಡುವ ಕ್ರಮ

ಕಾರ್ಕಳದ ಬಾಹುಬಲಿ ಬೆಟ್ಟವನ್ನು ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಉಸಿರು ಸರಾಗವಾಗಿರುತ್ತದೆ. ಆದರೂ ಮರುದಿನ, ಅದರ ಮರುದಿನ ತೊಡೆಯ ಮುಂಭಾಗ ನೋಯುವುದು ಹೆಚ್ಚಾಗಿ ಇಳಿದದ್ದರಿಂದಲೇ. ಹತ್ತುವಾಗ ತೊಡೆಯ ಸ್ನಾಯು ಗಿಡ್ಡವಾಗುತ್ತ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬಿಗಿ ಬಿಡದೆ ಉದ್ದವಾಗುತ್ತ, ದೇಹ ಕುಸಿಯದಂತೆ ತಡೆಯುತ್ತದೆ. ಜಿಮ್‌ಗಳಲ್ಲಿ ಮೊದಲನೆಯದನ್ನು ಕಾನ್ಸೆಂಟ್ರಿಕ್ ಎಂದೂ ಎರಡನೆಯದನ್ನು ಎಕ್ಸೆಂಟ್ರಿಕ್ ಎಂದೂ ಕರೆಯುತ್ತಾರೆ.

ಸ್ನಾಯು ಹೆಚ್ಚು ವೇಗವಾಗಿ ಗಿಡ್ಡವಾದಷ್ಟೂ ಅದರ ಬಲ ತಗ್ಗುತ್ತದೆ ಎಂಬ ನಿಯಮವನ್ನು ಬ್ರಿಟಿಷ್ ಶರೀರವಿಜ್ಞಾನಿ ಎ. ವಿ. ಹಿಲ್ 1938ರಲ್ಲಿ ಗಣಿತದ ಸಮೀಕರಣವಾಗಿ ಬರೆದರು. ಸ್ನಾಯುವಿನೊಳಗೆ ಮಯೋಸಿನ್ ಎಂಬ ಪ್ರೋಟೀನಿನ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು, ಎಳೆದು, ಬಿಟ್ಟು ಮತ್ತೆ ಹಿಡಿಯುತ್ತವೆ. ವೇಗ ಹೆಚ್ಚಿದಂತೆ ಒಂದು ಕ್ಷಣದಲ್ಲಿ ಹಿಡಿದುಕೊಂಡಿರುವ ತಲೆಗಳ ಸಂಖ್ಯೆ ಕಡಿಮೆಯಾಗುತ್ತದೆ. ಉದ್ದವಾಗುವಾಗಲಾದರೋ ಹಿಡಿದ ತಲೆಗಳು ಸ್ಪ್ರಿಂಗಿನಂತೆ ಜಗ್ಗಲ್ಪಟ್ಟು ಪ್ರತಿರೋಧಿಸುತ್ತವೆ, ಟೈಟಿನ್ ಎಂಬ ಇನ್ನೊಂದು ಪ್ರೋಟೀನೂ ಜೊತೆಗೂಡುತ್ತದೆ. ಆದ್ದರಿಂದ ಎತ್ತಲಾಗದ ಭಾರವನ್ನೂ ನಾವು ನಿಧಾನವಾಗಿ ಇಳಿಸಬಲ್ಲೆವು, ಅದೂ ಕಡಿಮೆ ಆಮ್ಲಜನಕದ ಖರ್ಚಿನಲ್ಲಿ. 1952ರಲ್ಲಿ ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನಾಗಿ ಜೋಡಿಸಿ, ಒಬ್ಬರು ತುಳಿಯುವಾಗ ಇನ್ನೊಬ್ಬರು ಪೆಡಲನ್ನು ತಡೆಯುವಂತೆ ಮಾಡಿದ ಪ್ರಯೋಗದಲ್ಲಿ, ತಡೆದವರು ಬಳಸಿದ ಆಮ್ಲಜನಕ ತುಳಿದವರಿಗಿಂತ ಬಹಳ ಕಡಿಮೆಯಿತ್ತು. ಇಷ್ಟು ಸರಳವಾದ ಪ್ರಯೋಗ ಇಷ್ಟು ಸ್ಪಷ್ಟವಾಗಿ ಉತ್ತರಿಸಿದ್ದು ನನಗೆ ಇಂದಿಗೂ ಬೆರಗು ತರುತ್ತದೆ.

ಅಭ್ಯಾಸವನ್ನು ಮೀನಖಂಡದಿಂದ ಆರಂಭಿಸಿ. ಜಗಲಿಯ ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ, ಕಂಬವನ್ನು ಹಿಡಿದು, ಎರಡೂ ಕಾಲುಗಳಿಂದ ಹಿಮ್ಮಡಿಯನ್ನು ಎತ್ತಿ. ಬಳಿಕ ಒಂದು ಕಾಲನ್ನು ಮಡಚಿ, ಇನ್ನೊಂದರ ಮೇಲಷ್ಟೇ ಭಾರ ಹಾಕಿ, ಮೂರು ನಾಲ್ಕು ಸೆಕೆಂಡು ತೆಗೆದುಕೊಂಡು ಹಿಮ್ಮಡಿಯನ್ನು ಇಳಿಸಿ. ಎರಡು ಕಾಲಿನಿಂದ ಏರಿ ಒಂದು ಕಾಲಿನಿಂದ ಇಳಿಯುವ ಈ ಕ್ರಮವೇ ಮುಖ್ಯ, ಏಕೆಂದರೆ ಇಳಿಸುವ ಬಲಕ್ಕೆ ತಕ್ಕ ಭಾರ ಸಿಗುವುದು ಹೀಗೆಯೇ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ತುಳುನಾಡಿನ ಆಷಾಢ) ಹೊರಗಿನ ಮುರಕಲ್ಲಿನ ಮೆಟ್ಟಿಲು ಪಾಚಿಗಟ್ಟಿರುವುದರಿಂದ ಒಳಗಿನ ಮೆಟ್ಟಿಲನ್ನೇ ಬಳಸಿ.

ತೊಡೆಗೆ ಕುರ್ಚಿ ಸಾಕು: ಎದ್ದು ನಿಲ್ಲುವುದು ಸಹಜ ವೇಗದಲ್ಲಿರಲಿ, ಕುಳಿತುಕೊಳ್ಳುವುದು ನಾಲ್ಕು ಸೆಕೆಂಡು ಹಿಡಿಯಲಿ. ಡಂಬೆಲ್ ಇದ್ದರೆ ಎರಡು ಕೈಗಳಿಂದ ಮೇಲೆತ್ತಿ ಒಂದೇ ಕೈಯಿಂದ ಇಳಿಸಬಹುದು. ಎಲ್ಲದರಲ್ಲೂ ಉಸಿರನ್ನು ಬಿಗಿಹಿಡಿಯಬೇಡಿ.

ಮೊದಲ ವಾರ ಎರಡೇ ದಿನ, ಪ್ರತಿಯೊಂದನ್ನೂ ಎಂಟು ಸಲದಂತೆ ಒಂದೇ ಸುತ್ತು ಮಾಡಿ. ಸುಲಭವೆನಿಸುವುದರಿಂದಲೇ ಇಲ್ಲಿ ಅತಿಯಾಗುವ ಅಪಾಯವಿದೆ, ನೋವು ಮಾತ್ರ 24ರಿಂದ 72 ಗಂಟೆಗಳೊಳಗೆ ಗರಿಷ್ಠಕ್ಕೇರುತ್ತದೆ. ಒಮ್ಮೆ ಹಿತಮಿತವಾಗಿ ಮಾಡಿದ ಸ್ನಾಯು ಮುಂದಿನ ಸಲ ಕಡಿಮೆ ನೋಯುತ್ತದೆ. ಆದುದರಿಂದ ಹಿಂದಿನ ನೋವು ಇಳಿದ ಮೇಲೆಯೇ ಸುತ್ತನ್ನು ಹೆಚ್ಚಿಸಿ. ಹೃದ್ರೋಗ, ಏರಿದ ರಕ್ತದೊತ್ತಡ ಅಥವಾ ಹೊಸ ಗಾಯ ಇರುವವರು ವೈದ್ಯರನ್ನು ಕೇಳಿ ಆರಂಭಿಸಬೇಕು. ತೀವ್ರ ನೋವಿನೊಂದಿಗೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.